ಘಾಟಬೋರಾಳಕ್ಕೆ ಬಂದ ವೆಲ್ಡಿಂಗ್ ಮಿಶಿನ್

ಕಳೆದ ವಾರ ಬಸವಕಲ್ಯಾಣದ ನಮ್ಮ ಮನೆಯ ಎದುರು ಯಾರದೋ ಗೇಟಿಗೆ ವೆಲ್ಡಿಂಗ್ ನಡೆದಿತ್ತು. ನಾನು ಒಳಗೆ ಮೆಂತ್ಯ ಸೊಪ್ಪು ಬಿಡಿಸುತ್ತ ಕೂತಿದ್ದೆ. ಸುಟ್ಟ ಕಬ್ಬಿಣದ, ಕರಗಿದ ಬೆಸುಗೆ ಕಡ್ಡಿಯ ಆ ಘಾಟು ಕಿಟಕಿಯಿಂದ ಬಂದದ್ದೇ ತಡ, ನನ್ನ ಕಣ್ಣು ತಾವಾಗಿಯೇ ಮುಚ್ಚಿಕೊಂಡವು. ಸೊಸೆ ನೋಡಿ, "ಯಾಕತ್ತಿ, ತಲಿ ತಿರಗಾಕತ್ತದೇನ್ರಿ?" ಎಂದಳು. ಇಲ್ಲವೆಂದೆ. ಐವತ್ತು ವರ್ಷದ ಹಿಂದಿನ ಹೆದರಿಕೆಯನ್ನು ಸೊಪ್ಪು ಬಿಡಿಸುವ ಹೊತ್ತಿನಲ್ಲಿ ಯಾರಿಗೆ ತಾನೆ ವಿವರಿಸಲಾಗುತ್ತದೆ? ನಿಮಗಾದರೆ ಹೇಳುತ್ತೇನೆ, ನಿಮಗೆ ಅವಸರವಿಲ್ಲವೆಂದು ಭಾವಿಸಿದ್ದೇನೆ.

ಎಪ್ಪತ್ತರ ದಶಕದ ಮೊದಲಿಗೆ ನನಗೆ ಹುಮನಾಬಾದ್ ತಾಲೂಕಿನ ಘಾಟಬೋರಾಳದಲ್ಲಿ ಶಿಕ್ಷಕಿಯ ಕೆಲಸ ಸಿಕ್ಕಿತು. ಮದುವೆಯಾಗದ ಹುಡುಗಿ ಒಬ್ಬಳೇ ಇರುವುದು ಹೇಗೆ ಎಂದು ನಮ್ಮ ತಂದೆ ಊರೆಲ್ಲ ಸುತ್ತಿ, ಕೊನೆಗೆ ಕಾಶಪ್ಪ ಎಂಬ ರೈತರ ಮನೆಯಲ್ಲಿ ನನಗೊಂದು ಕೋಣೆ ಗೊತ್ತುಮಾಡಿದರು. ಆ ಮನೆಯಲ್ಲಿ ಕಾಶಪ್ಪನವರು, ಅವರ ಹೆಂಡತಿ, ಮಕ್ಕಳು, ತಮ್ಮ ಧೂಳಪ್ಪನ ಸಂಸಾರ, ಎಲ್ಲಕ್ಕಿಂತ ಮುಖ್ಯವಾಗಿ ಕಾಶಪ್ಪನವರ ತಾಯಿ ಗೌರಜ್ಜಿ. ಚಿಕ್ಕಂದಿನಲ್ಲಿ ಸಿಡುಬು ಬಂದು ಅಜ್ಜಿಯ ಎರಡೂ ಕಣ್ಣು ಹೋಗಿದ್ದವು. ಆದರೆ ಕಣ್ಣಿದ್ದ ನನಗಿಂತ ಆಕೆಯೇ ಆ ಮನೆಯಲ್ಲಿ ಸಲೀಸಾಗಿ ಓಡಾಡುತ್ತಿದ್ದರು. ತಗ್ಗು ಬಾಗಿಲಿಗೆ ನನ್ನ ಹಣೆ ಬಡಿದ ಸದ್ದು ಕೇಳಿದಾಗಲೆಲ್ಲ, "ಅಕ್ಕೋರು ಸಾಲಿಂದ ಬಂದ್ರು ನೋಡ್ರಿ" ಎಂದು ಒಳಗೆ ಹೇಳುತ್ತಿದ್ದರು. ಒಂದು ವರ್ಷವಾದರೂ ನಾನು ಬಗ್ಗುವುದನ್ನು ಕಲಿಯಲಿಲ್ಲ.

ಕಾಶಪ್ಪನವರಿಗೆ ಕಬ್ಬಿನ ಹೊಲವಿತ್ತು. ಓಣಿಯ ಕೊನೆಗೆ, ಮನೆಯ ಹಿಂದೆಯೇ ಬೆಲ್ಲ ತೆಗೆಯುವ ಗಾಣ. ಚಳಿಗಾಲದಲ್ಲಿ ಇಡೀ ಓಣಿ ಬೆಲ್ಲದ ವಾಸನೆಯಲ್ಲಿ ಮುಳುಗಿರುತ್ತಿತ್ತು. ನನ್ನ ಸಾಲೆಯ ಮಕ್ಕಳು ಬರೆಯುವ ಪಾಟಿಗಳೂ ಅಂಟಂಟು. ಆ ವರ್ಷ ಗಾಣ ಭರದಿಂದ ನಡೆದಿರುವಾಗಲೇ ಹಾಲು ಕಾಯಿಸುವ ದೊಡ್ಡ ಕಡಾಯಿ ತಳದ ಹತ್ತಿರ ಸೀಳಿತು. ಹಾಲೆಂದರೆ ಇಲ್ಲಿ ಕಬ್ಬಿನ ಹಾಲು. ಅದು ಹುಳಿಯಾಗಲು ಒಂದು ಹೊತ್ತು ಸಾಕು. ಕಡಿದು ಹಾಕಿದ ಕಬ್ಬು ಬೇರೆ ಒಣಗುತ್ತಿತ್ತು. ಆಗ ಯಾರೋ ವೈಜಿನಾಥನ ಹೆಸರು ಹೇಳಿದರು.

ವೈಜಿನಾಥ ಹುಮನಾಬಾದಿನವನು. ದೊಡ್ಡ ರಸ್ತೆಯ ಸೇತುವೆ ಕೆಲಸದಲ್ಲಿ ವೆಲ್ಡಿಂಗ್ ಕಲಿತವನು. ಕೆಲಸ ಮುಗಿಸಿ ಹೊರಟ ಗುತ್ತಿಗೆದಾರನಿಂದ ಹಳೆಯ ವೆಲ್ಡಿಂಗ್ ಮಿಶಿನ್ನನ್ನು ತಾನೇ ಕೊಂಡುಕೊಂಡಿದ್ದ. ಈಗಿನವರು ಹೆಗಲಿಗೆ ಜೋತುಹಾಕಿಕೊಂಡು ಬರುವ ಡಬ್ಬಿಯಂಥದ್ದಲ್ಲ ಅದು. ಎರಡು ರಬ್ಬರ್ ಗಾಲಿಯ ಮೇಲೆ ಕೂತ, ಹಸಿರು ಬಣ್ಣದ, ಎಮ್ಮೆಯಷ್ಟು ದಪ್ಪನೆಯ ಕಬ್ಬಿಣ. ಒಳಗೆ ಡೀಸೆಲ್ ಇಂಜಿನ್. ಕರೆಂಟನ್ನು ಅದೇ ಹುಟ್ಟಿಸಿಕೊಳ್ಳುತ್ತಿತ್ತು. ಹೀಗಾಗಿ ಕರೆಂಟಿಲ್ಲದ ಊರಿಗೂ ಹೊಲಕ್ಕೂ ಅದು ಹೋಗುತ್ತಿತ್ತು. ರಾಜೇಶ್ವರವೆಂಬ ಊರಿನ ಹತ್ತಿರ ಒಮ್ಮೆ ಹಳ್ಳಕ್ಕೆ ಉರುಳಿ, ಮೇಲೆತ್ತಿ ಕೆಸರು ಒರೆಸಿದ ಮೇಲೆ ಮತ್ತೆ ಚಾಲೂ ಆಯಿತಂತೆ. ಇದನ್ನು ವೈಜಿನಾಥನೇ ಹೇಳಿದ್ದು. ಬೇರೆಯವರು ತಮ್ಮ ಎತ್ತಿನ ಬಗ್ಗೆ ಹೇಳುವ ಹಾಗೆ ಅವನು ಮಿಶಿನ್ನಿನ ಬಗ್ಗೆ ಹೇಳುತ್ತಿದ್ದ.

ಕಾಶಪ್ಪನವರ ಬಂಡಿಯ ಹಿಂದೆ ಕಟ್ಟಿಸಿಕೊಂಡು ಅದು ಮುಂಜಾನೆ ಓಣಿಗೆ ಬಂದಾಗ ನಾನು ಸಾಲೆಯ ಮಕ್ಕಳನ್ನೆಲ್ಲ ಸಾಲಾಗಿ ಕರೆದುಕೊಂಡು ಹೋದೆ. ಓಣಿಯ ಜನವೆಲ್ಲ ಅಲ್ಲೇ ಇದ್ದರು. ಗೌರಜ್ಜಿಯನ್ನೂ ಕರೆದೆ. "ನನಗೇನವ್ವಾ ಕಾಣೂದದ ಅಲ್ಲಿ? ನೀವು ನೋಡಿ ಬಂದು ಹೇಳ್ರಿ" ಎಂದು ಕೌದಿ ಹೊಲಿಯುತ್ತ ಮನೆಯಲ್ಲೇ ಉಳಿದರು.

ವೈಜಿನಾಥ ಹ್ಯಾಂಡಲ್ ತಿರುವಿ ಇಂಜಿನ್ ಚಾಲೂ ಮಾಡಿದ. ಕಪ್ಪು ಗಾಜಿನ ಫಲಕವನ್ನು ಮುಖಕ್ಕೆ ಹಿಡಿದು, ಇಂಜಿನ್ನಿನ ಗದ್ದಲದಲ್ಲಿ ಕೂಗಿದ: "ನೋಡಬ್ಯಾಡ್ರಿ! ಎಲ್ಲಾರೂ ಆ ಕಡಿ ತಿರಗ್ರಿ! ಕಣ್ಣಿಗಿ ಚಲೋ ಅಲ್ಲ!"

ನೋಡಬೇಡಿ ಎಂದರೆ ನೋಡದೆ ಇರುವ ಓಣಿಯನ್ನು ನೀವು ಕಂಡಿದ್ದೀರಾ? ಕಡ್ಡಿ ಕಡಾಯಿಗೆ ತಾಕಿದ್ದೇ ತಡ, ಹಗಲಿನಲ್ಲೇ ಇನ್ನೊಂದು ಹಗಲು ಹುಟ್ಟಿದ ಹಾಗೆ ನೀಲಿ ಬೆಳಕು ಎದ್ದಿತು. ಅವನು ಮೂರು ಸಲ ಕೆಲಸ ನಿಲ್ಲಿಸಿ ಎಲ್ಲರನ್ನೂ ತಿರುಗಿಸಿ ನಿಲ್ಲಿಸಿದ. ಅವನು ಫಲಕದ ಹಿಂದೆ ಹೋದೊಡನೆ ಎಲ್ಲರೂ ಮತ್ತೆ ತಿರುಗಿದರು. ನಾನು ವಿದ್ಯಾವಂತೆಯಲ್ಲವೆ, ಬೆರಳು ಅಡ್ಡ ಹಿಡಿದು ಸಂದಿಯಿಂದ ನೋಡಿದೆ.

ಮಧ್ಯಾಹ್ನದೊಳಗೆ ಸೀಳು ಕೂಡಿಕೊಂಡಿತು. ಕಡಾಯಿ ಒಲೆ ಏರಿತು. ಮೊದಲ ಕುದಿಗೆ ಬೆಸುಗೆ ತಡೆಯುತ್ತದೆಯೇ ನೋಡಿಕೊಂಡೇ ಹೋಗುತ್ತೇನೆಂದು ವೈಜಿನಾಥ ರೊಟ್ಟಿ ಉಂಡು ಗಾಣದ ಹತ್ತಿರ ಕೂತ. ಅವನು ಹೊರಟುಹೋಗಿದ್ದರೆ ಏನಾಗುತ್ತಿತ್ತೋ ತಿಳಿಯದು.

ದೀಪ ಹಚ್ಚುವ ಹೊತ್ತಿಗೆ ಧೂಳಪ್ಪನ ಚಿಕ್ಕ ಮಗಳು, ಕಣ್ಣಲ್ಲಿ ಉಸುಕು ಬಿದ್ದಿದೆ ಎಂದು ಅಳತೊಡಗಿದಳು. ಅವಳ ತಾಯಿ ಊದಲು ಹೋಗಿ, ತನ್ನ ಕಣ್ಣನ್ನೇ ಹಿಡಿದುಕೊಂಡು ಕುಕ್ಕರಿಸಿದಳು. ನನಗೂ ಶುರುವಾಯಿತು. ರೆಪ್ಪೆಯ ಒಳಗೆ ಯಾರೋ ಮೆಣಸಿನಕಾಯಿ ಅರೆದು ಸವರಿದ ಹಾಗೆ! ಮನೆಮನೆಯಿಂದ ಅಳು ಕೇಳಿತು. "ಕಣ್ಣ ಹ್ವಾದ್ವು, ಕಣ್ಣ ಹ್ವಾದ್ವು" ಎಂದು ಜನ ಗೋಡೆ ತಡವುತ್ತ ಹೊರಬಂದರು. ಧೂಳಪ್ಪ ಕೆಟ್ಟವನಲ್ಲ. ಆದರೆ ಮಗಳ ಅಳು ಕೇಳಿ ಅವನ ಬುದ್ಧಿ ಹತೋಟಿಯಲ್ಲಿ ಉಳಿಯಲಿಲ್ಲ. ನೀರು ಸುರಿಯುವ ಕಣ್ಣಿನಲ್ಲೇ ಹಾರೆ ಹಿಡಿದು ಮಿಶಿನ್ನಿನ ಕಡೆ ನಡೆದ.

"ಮೊದಲ ಇದನ್ನ ಒಡೀತೀನಿ, ಆಮ್ಯಾಲ ನಿನ್ನ ನೋಡ್ತೀನಿ!"

ವೈಜಿನಾಥ ಓಡಲಿಲ್ಲ. ಮಿಶಿನ್ನಿಗೆ ಬೆನ್ನು ಹಚ್ಚಿ ನಿಂತು, "ಅಣ್ಣಾ, ಎಲ್ಡ್ ದಿನದಾಗ ಕಡಿಮಿ ಆಗ್ತದ. ನನಗೂ ಆಗಿತ್ತು, ಖರೇ ಹೇಳಾಕತ್ತೀನಿ" ಎಂದ. ಯಾರೂ ನಂಬಲಿಲ್ಲ. ನಾನೂ ನಂಬಲಿಲ್ಲ. ನನ್ನ ನೌಕರಿ, ನನ್ನ ಪುಸ್ತಕ, ಆಗಬೇಕಿದ್ದ ಮದುವೆ ಎಲ್ಲವೂ ಕತ್ತಲಲ್ಲಿ ಮುಳುಗಿದಂತೆ ಅನಿಸಿ ಹೊಸ್ತಿಲಲ್ಲೇ ಕೂತಿದ್ದೆ.

ಆಗ ಗೌರಜ್ಜಿ ಎದ್ದು ಬಂದರು. ಮೊಮ್ಮಗಳನ್ನು ತೊಡೆಯ ಮೇಲೆ ಕೂಡಿಸಿಕೊಂಡು, "ಕಂದೀಲು ತರ್ರಿ" ಎಂದರು. ಎಂದೂ ಕಂದೀಲು ಬೇಡದ ಅಜ್ಜಿ ಹಾಗೆ ಕೇಳಿದ್ದಕ್ಕೇ ಅರ್ಧ ಗಲಾಟೆ ನಿಂತಿತು. ಕಾಶಪ್ಪನವರು ತಡವುತ್ತ ತಂದುಕೊಟ್ಟರು. ಅಜ್ಜಿ ಅದನ್ನು ಹುಡುಗಿಯ ಮುಖದ ಹತ್ತಿರ ಹಿಡಿದರು. ಮುಚ್ಚಿದ ರೆಪ್ಪೆಯಲ್ಲೇ ಹುಡುಗಿ ಚೀರಿ ಮುಖ ತಿರುಗಿಸಿದಳು.

"ಚುಚ್ತದೇನವ್ವಾ?"

"ಚುಚ್ತದಬೇ, ತೆಗಿ!"

ಅಜ್ಜಿ ಕಂದೀಲು ದೂರ ಇಟ್ಟರು. "ಧೂಳ್ಯಾ, ಹಾರಿ ಕೆಳಗಿಡು. ಹ್ವಾದ ಕಣ್ಣಿಗಿ ಬೆಳಕು ಚುಚ್ಚೂದಿಲ್ಲ. ನನಗ ಸೂರ್ಯಾನ ಮುಂದ ನಿಂದ್ರಸಿ ನೋಡು. ನಿಮ್ಮ ಕಣ್ಣ ಎಲ್ಲಾ ಅದಾವ. ನೋಯಾಕತ್ತಾವ, ಅಷ್ಟ."

ಹಾರೆ ನೆಲಕ್ಕೆ ಬಿದ್ದ ಸದ್ದು ಕೇಳಿತು. ಓದಿದ ಯಾವ ವಾಕ್ಯವೂ ನನಗೆ ಆವರೆಗೆ ಅಷ್ಟು ಸಮಾಧಾನ ಕೊಟ್ಟಿರಲಿಲ್ಲ. ಆಮೇಲೆ ಅಜ್ಜಿ ವೈಜಿನಾಥನ ಕಡೆ ಮುಖ ಮಾಡಿ, "ನೀನೂ ಹೋಗಬ್ಯಾಡಪ್ಪಾ. ಇವರ ಕಣ್ಣ ತೆರಿಯೂ ತನಕಾ ಇಲ್ಲೇ ಇರು" ಎಂದರು.

"ಹೋಗಾಂಗಿಲ್ಲವ್ವಾ" ಎಂದ ಅವನು.

ಮುಂದಿನ ಎರಡು ದಿನ ನಮ್ಮ ಓಣಿಯನ್ನು ಆಳಿದವರು ಅವರಿಬ್ಬರೇ. ಆ ದಿನ ಹೊಲಕ್ಕೆ ಹೋಗಿದ್ದ ಬೇರೆ ಓಣಿಯವರ ಕಣ್ಣು ಚೆನ್ನಾಗಿದ್ದರೂ, ನಮ್ಮದು ಅಂಟುವ ಕಣ್ಣುಬೇನೆ ಇರಬೇಕೆಂದು ಅವರು ಓಣಿಯ ಬಾಯಲ್ಲೇ ನಿಂತು ಬುತ್ತಿ ಇಟ್ಟು ಹೋಗುತ್ತಿದ್ದರು. ಒಳಗೆ ವೈಜಿನಾಥ ನೀರು ಸೇದಿದ, ತಣ್ಣೀರಲ್ಲಿ ಬಟ್ಟೆ ಅದ್ದಿ ಎಲ್ಲರ ಕಣ್ಣಿಗೂ ಕಟ್ಟಿದ, ಎಮ್ಮೆ ಹಿಂಡಲು ಹೋಗಿ ಒದೆಸಿಕೊಂಡ. ಅಜ್ಜಿ ಮನೆಮನೆಗೆ ಹೋಗಿ ಜನರಿಗೆ ಅವರವರ ಮನೆಯಲ್ಲೇ ನಡೆಯುವುದನ್ನು ಕಲಿಸಿದರು. "ಗ್ವಾಡಿಗಿ ಕೈ ಹಚ್ಚು. ಕಾಲು ಎತ್ತಬ್ಯಾಡ, ಜಾರಸು." ನನಗಂತೂ, "ಅಕ್ಕೋರೆ, ಈಗರೆ ಬಗ್ಗಿ ನಡೀರಿ" ಎಂದರು. ಆ ಎರಡು ದಿನ ನನ್ನ ಹಣೆ ಒಮ್ಮೆಯೂ ಬಾಗಿಲಿಗೆ ಬಡಿಯಲಿಲ್ಲ.

ಹಿಂಡಿಟ್ಟ ಕಬ್ಬಿನ ಹಾಲು ಹಾಳಾಗಬಾರದಲ್ಲ! ವೈಜಿನಾಥ ಬೆಂಕಿ ಹಾಕಿ ಕಡಾಯಿಯ ಹಾಲು ತಿರುವಿದ. ಅಜ್ಜಿ ಪಕ್ಕದಲ್ಲಿ ಕೂತು ಕುದಿಯ ಸದ್ದಿಗೆ ಕಿವಿಗೊಟ್ಟು, "ಇನ್ನಾ ಜರಾ, ಇನ್ನಾ ಜರಾ" ಎನ್ನುತ್ತಿದ್ದರು. ಅವರಿಬ್ಬರೂ ಏನೋ ಮಾತಿಗೆ ಬಿದ್ದು ನಕ್ಕ ಹೊತ್ತಿನಲ್ಲಿ ಬೆಲ್ಲ ತಳ ಹಿಡಿಯಿತು. ಕಪ್ಪಗೆ, ಚೂರು ಕಹಿಯಾಗಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಓಣಿಯೆಲ್ಲ ಅದನ್ನೇ ನೆಕ್ಕಿತು.

ಮೂರನೆಯ ಬೆಳಿಗ್ಗೆ ನಾನು ಬಟ್ಟೆ ಬಿಚ್ಚಿದೆ. ಮೊದಲು ಕಂಡದ್ದು ವೈಜಿನಾಥ. ಮಿಶಿನ್ನಿನ ಗಾಲಿಗೆ ಒರಗಿ, ಬಾಯಿ ತೆರೆದು ನಿದ್ದೆ ಹೋಗಿದ್ದ. ಅಜ್ಜಿ ತಾವು ಹೊಲಿಯುತ್ತಿದ್ದ ಕೌದಿಯನ್ನು ಅವನ ಮೇಲೆ ಹೊದಿಸುತ್ತಿದ್ದರು. ಅಂಗಳ, ಗೋಡೆ, ಸಗಣಿಯ ಕುಳ್ಳು ಎಲ್ಲವನ್ನೂ ನಾನು ಹೊಸ ಊರಿಗೆ ಬಂದವಳಂತೆ ನೋಡಿದೆ. ಧೂಳಪ್ಪ ಕ್ಷಮೆ ಕೇಳಲಿಲ್ಲ; ನಮ್ಮಲ್ಲಿ ಗಂಡಸರಿಗೆ ಆ ರೂಢಿ ಕಡಿಮೆ. ತಾನೇ ಎತ್ತು ಹೂಡಿ, ಮಿಶಿನ್ನನ್ನು ಬಂಡಿಗೆ ಕಟ್ಟಿಕೊಂಡು ಹುಮನಾಬಾದಿನವರೆಗೆ ಬಿಟ್ಟುಬಂದ.

ಆಮೇಲೆ ವೈಜಿನಾಥ ಯಾವ ಊರಿನಲ್ಲೂ ಗೋಣಿತಟ್ಟಿನ ಮರೆ ಕಟ್ಟದೆ ಕಡ್ಡಿ ಹಚ್ಚುತ್ತಿರಲಿಲ್ಲವಂತೆ. ಪ್ರತಿ ಚಳಿಗಾಲಕ್ಕೂ ಘಾಟಬೋರಾಳಕ್ಕೆ ಬಂದು ಅಜ್ಜಿಯ ಹತ್ತಿರ ಕೂತು ಉಂಡು ಹೋಗುತ್ತಿದ್ದ. ಒಂದು ವರ್ಷ ಹಳೆಯ ಪೈಪುಗಳನ್ನು ತಂದು, ಮನೆಯ ಬಾಗಿಲಿನಿಂದ ಮೆಟ್ಟಿಲು ಇಳಿದು ಬಾವಿಯವರೆಗೆ, ಕೈಯಿಟ್ಟು ನಡೆಯಲು ಹಿಡಿಕೆಯೊಂದನ್ನು ಬೆಸೆದು ನಿಲ್ಲಿಸಿದ. ಅಜ್ಜಿ ಕೈಯಾಡಿಸಿ, "ಇದು ಯಾರಿಗೋ?" ಎಂದರು.

"ನಿನಗಬೇ."

"ನನಗ್ಯಾಕೋ ಹುಚ್ಚಪ್ಪಾ? ಈ ದಾರಿ ನನ್ನ ಕಾಲಿಗಿ ಗೊತ್ತದ."

ಅವನ ಮುಖ ಸಣ್ಣದಾಯಿತು. ಅದನ್ನು ಅಜ್ಜಿ ಹೇಗೆ ಅರಿತರೋ, "ಇರಲಿ ಬಿಡು, ಕೌದಿ ಒಣಗಸಾಕ ಚಲೋ ಆತು" ಎಂದರು. ನಾನು ಅಲ್ಲಿರುವವರೆಗೂ ಅವರು ಆ ಪೈಪನ್ನು ಹಿಡಿದು ನಡೆದದ್ದನ್ನು ಕಾಣಲಿಲ್ಲ. ಅದರ ಮೇಲೆ ಕೌದಿಗಳು ಮಾತ್ರ ಬಿಸಿಲು ಕಾಯಿಸುತ್ತಿದ್ದವು. ನನ್ನ ಮದುವೆಯಾಗಿ, ಬಸವಕಲ್ಯಾಣಕ್ಕೆ ವರ್ಗವಾಯಿತು. ಎಂಬತ್ತರ ದಶಕದಲ್ಲಿ ಅಜ್ಜಿ ತೀರಿಕೊಂಡರು. ಹೆಣ ಎತ್ತುವಾಗ ವೈಜಿನಾಥ ಸ್ವಂತ ಮಗನ ಹಾಗೆ ಹೆಗಲು ಕೊಟ್ಟನೆಂದು ಕೇಳಿದೆ. ನನಗೆ ಹೋಗಲಾಗಲಿಲ್ಲ. ಈಗ ಅವನೂ ಇಲ್ಲ.

ಸೊಸೆಗೆ ಏನೂ ಹೇಳದೆ ಸೊಪ್ಪು ಬಿಡಿಸಿ ಮುಗಿಸಿದವಳು, ಮರುದಿನ ಬಸ್ಸು ಹತ್ತಿ ಘಾಟಬೋರಾಳಕ್ಕೆ ಹೋದೆ. ಗಾಣ ಇದ್ದಲ್ಲಿ ಸಿಮೆಂಟಿನ ಮನೆ ಎದ್ದಿದೆ. ಬಾವಿಯ ಬಾಯಿಗೆ ಜಾಲರಿ ಹಾಕಿದ್ದಾರೆ. ಮೆಟ್ಟಿಲ ಪಕ್ಕದ ಪೈಪು ಮಾತ್ರ ಹಾಗೆಯೇ ಇತ್ತು. ಹಿಡಿದು ಹಿಡಿದು ನುಣುಪಾಗಿ ಮಿರುಗುತ್ತಿತ್ತು. ನಾನು ಮೇಲೆ ನಿಂತು ಮೊಣಕಾಲಿನ ಯೋಚನೆ ಮಾಡುತ್ತಿರುವಾಗ, ಕೆಳಗಿನಿಂದ ಬಿಳಿಮೀಸೆಯ ಮುದುಕನೊಬ್ಬ ಅದನ್ನು ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದ. ಹತ್ತಿರ ಬಂದು ಕಣ್ಣು ಕಿರಿದು ಮಾಡಿ ನೋಡಿದ.

"ಅಕ್ಕೋರು ಅಲ್ಲೇನ್ರಿ?"

ಧೂಳಪ್ಪ. ನಾನು ಹೌದೆಂದೆ. ಅವನು ಪೈಪಿನ ಮೇಲೆ ತನ್ನ ಕೈಯನ್ನು ಸರಿಸಿ ನನಗೆ ಜಾಗ ಮಾಡಿಕೊಟ್ಟ.

"ಹಿಡಕೊಂಡು ಇಳೀರಿ. ಕಡೀ ಮೆಟ್ಟಲಾ ಸಡಲ ಅದ."

ಹಿಡಿದೆ. ಬಿಸಿಲಿಗೆ ಬೆಚ್ಚಗಿತ್ತು.