ನೇರಳೆ ದೀಪದಡಿ ಹೊಳೆದ ಅಂಚು

ಐವತ್ತರ ದಶಕದ ಕೊನೆ. ಗಜೇಂದ್ರಗಡದ ನೂಲಿನ ವ್ಯಾಪಾರಿಗಳ ಮನೆಗೆ ನಾನು ಸೊಸೆಯಾಗಿ ಬಂದ ಹೊಸತು. ಮಾವನವರೆಂದರೆ ನಡೆನುಡಿ ಒಂದೇ ಎಂದು ಸುತ್ತಲ ಊರಲ್ಲೆಲ್ಲ ಹೆಸರು. ನನಗೂ ಅವರ ಮೇಲೆ ಭಕ್ತಿ. ಅವರ ಜೀವವೆಲ್ಲ ಹಿರಿಯರ ಕಾಲದ ಬಟ್ಟೆಯ ಮೇಲೆ ಬರೆದ ಒಂದು ಚಿತ್ರದ ಮೇಲಿತ್ತು: ಆನೆ ಕುದುರೆಗಳ ಮೆರವಣಿಗೆ, ಸುತ್ತ ಬಿಳಿ ಅಂಚು. ಅದು ವಸ್ತುಸಂಗ್ರಹಾಲಯದಲ್ಲಿ ಮನೆತನದ ಹೆಸರಿನೊಂದಿಗೆ ತೂಗಬೇಕೆಂಬುದು ಅವರ ಹಂಬಲ. ಪರೀಕ್ಷಿಸಲು ಅಲ್ಲಿಂದ ಒಬ್ಬ ತಜ್ಞರು ಬರುವವರಿದ್ದರು.

ಸೀರೆಯಿರಲಿ, ಜಮಖಾನೆಯಿರಲಿ, ತೊಳೆಯದೆ ಪರರ ಕೈಗೆ ಕೊಡುವ ಪದ್ಧತಿ ನಮ್ಮಲ್ಲಿಲ್ಲ. ತಜ್ಞರು ಬರುವ ಹಿಂದಿನ ದಿನ ಮಾವನವರು ಅಡುಗೆಮನೆಯ ಬಾಗಿಲಿಗೆ ಬಂದರು.

"ಅಂಚು ಹಳದಿ ಆಗೇತಿ. ಧೋತರಕ್ಕ ಹಾಕೂ ಹೊಸಾ ಬಿಳಪಿನ ಪುಡಿ ಅಂಗಡ್ಯಾಗ ಬಂದೇತಲ್ಲ, ಅದರ ನೀರಾಗ ಒರಸ್ರಿ. ಚಿತ್ರಕ್ಕ ತಾಗಬಾರದು."

ಅತ್ತೆ ಮತ್ತು ನಾನು ಉಸಿರು ಬಿಗಿಹಿಡಿದು ಒರೆಸಿದೆವು. ಅಂಚು ಮಲ್ಲಿಗೆಯಂತಾಯಿತು. ಮಾವನವರು ಭೇಷ್ ಎಂದರು.

ಮರುದಿನ ಪಡಸಾಲೆಯ ತುಂಬ ರೋಣ, ನರಗುಂದದ ಬೀಗರು. ತಜ್ಞರು ಕಿಟಕಿ ಮುಚ್ಚಿಸಿ, ಬ್ಯಾಟರಿಗೆ ಸಿಕ್ಕಿಸಿದ ನೇರಳೆ ದೀಪ ಹಿಡಿದರು. ಆನೆಗಳು ಕಪ್ಪಾದವು, ಅಂಚು ಮಾತ್ರ ನೀಲಿಯಾಗಿ ಝಗ್ಗೆಂದಿತು.

"ಹಳೇ ಹತ್ತಿ ಹಿಂಗ ಹೊಳಿಯೂದಿಲ್ರಿ," ಎಂದರು ತಜ್ಞರು. "ಇದು ಮೊನ್ನಿ ಮೊನ್ನಿ ಬಂದ ಬಿಳಪಿನ ಬಣ್ಣ. ನಿಮ್ಮ ಚಿತ್ರ ಹಳೇದು ಅಂತ ಹ್ಯಾಂಗ ನಂಬೂದು?"

ಬೀಗರೊಬ್ಬರು ಮೀಸೆಯಲ್ಲೇ ನಕ್ಕರು. ಪರಪುರುಷರ ಮುಂದೆ ಎಂದೂ ಸುಳಿಯದ ಅತ್ತೆ ಬಾಗಿಲ ಮರೆಯಿಂದ ಸೆರಗು ಹೊದ್ದು ಹೊರಬಂದು, ಒಗೆದಿಟ್ಟ ಧೋತರವೊಂದನ್ನು ದೀಪದ ಕೆಳಗೆ ಹಿಡಿದರು. ಅದೂ ಹಾಗೆಯೇ ಹೊಳೆಯಿತು.

"ಈ ಧೋತರಕ್ಕ ಹಾಕಿದ ಪುಡಿಯಾಗನ ಅಂಚ ಒರಸೇವ್ರಿ. ಚಿತ್ರ ಹಳೇದ, ಖರೇನ."

ತಜ್ಞರು ಹಣೆ ಚಚ್ಚಿಕೊಂಡರು. "ಒಮ್ಮಿ ಹತ್ತಿದ್ರ ಇದು ಸರಳ ಹೋಗೂದಿಲ್ರಿ. ಯಾರ ಹೇಳಿದ್ರು ನಿಮಗ?"

ಅತ್ತೆ ಮಾವನವರ ಮುಖ ನೋಡಿದರು.

"ಹೆಂಗಸರ ಬುದ್ಧಿ ನೋಡ್ರಿ," ಎಂದರು ಮಾವನವರು. "ನನಗ ಹೇಳದ ಕೇಳದ ಕೈ ಹಾಕಿಬಿಟ್ಟಾವು."

ಅತ್ತೆ ತಲೆ ತಗ್ಗಿಸಿ, "ಹೌದ್ರಿ" ಎಂದರು. ಎಲ್ಲರೂ ನಕ್ಕರು. ಬಾಗಿಲ ಹಿಂದೆ ನನ್ನ ಮೈಯೆಲ್ಲ ನಾಚಿಕೆಯಿಂದ ಕುದಿಯಿತು. ದೇವರಂತೆ ಕಂಡವರ ಬಾಯಲ್ಲಿ ಇಂಥ ಮಾತು ಕೇಳುವ ನಾಚಿಕೆ ಅದು. ಅದನ್ನು ಯಾರ ಮುಂದೆ ಹೇಳಿಕೊಳ್ಳಲಿ?

ಅಂಚನ್ನು ಬಿಟ್ಟು ಬಣ್ಣಗಳನ್ನಷ್ಟೇ ಪರೀಕ್ಷಿಸುವುದಾಗಿ ಹೇಳಿ ತಜ್ಞರು ಚಿತ್ರ ಒಯ್ದರು. ಮನೆತನದ ಮಾನ ಉಳಿಯಿತು. ಊಟಕ್ಕೆ ಕುಳಿತ ಮಾವನವರು ಎಂದಿನಂತೆ ಇನ್ನೊಂದು ರೊಟ್ಟಿ ಕೇಳಿದರು. ಅತ್ತೆ ಬೆಣ್ಣೆ ಹಚ್ಚಿ ಬಡಿಸಿದರು. ನನಗೆ ಇಬ್ಬರ ಮುಖವನ್ನೂ ನೋಡಲಾಗಲಿಲ್ಲ.