ಸ್ಟಾಕ್‌ಪೋರ್ಟಿನ ಅಡುಗೆಮನೆಯಲ್ಲಿ ಸ್ಪೇನಿನ ಮಾತು

ಬೆಳಗಿನ ಐದೂವರೆ. 2007ರ ನವೆಂಬರಿನ ಕತ್ತಲು ಇನ್ನೂ ಹರಿದಿಲ್ಲ. ಇಂಗ್ಲೆಂಡಿನ ಸ್ಟಾಕ್‌ಪೋರ್ಟಿನ ವೃದ್ಧಾಶ್ರಮವೊಂದರ ಅಡುಗೆಮನೆಯಲ್ಲಿ ಅಹಲ್ಯಾ ಒಬ್ಬರೇ ಓಟ್ಸ್ ಗಂಜಿ ತಿರುವುತ್ತಿದ್ದಾರೆ. ಮೇಲಿನ ಮಹಡಿಗಳಲ್ಲಿ ಮೂವತ್ತೆಂಟು ಮಂದಿ ಮಲಗಿದ್ದಾರೆ. ಅವರಲ್ಲಿ ಹನ್ನೊಂದು ಮಂದಿಗೆ ಎಲ್ಲವನ್ನೂ ನುಣ್ಣಗೆ ಅರೆದು ಕೊಡಬೇಕು.

"ಯಾರಿಗೆ ಸಕ್ಕರೆ ಕೂಡದು, ಯಾರಿಗೆ ಬೆಣ್ಣೆ ಬೇಡ, ಎಲ್ಲ ಬಾಯಿಪಾಠ. ಮುಖ ಮಾತ್ರ ಎಷ್ಟೋ ಜನರದ್ದು ನೋಡಿಲ್ಲ. ತಟ್ಟೆ ಲಿಫ್ಟಲ್ಲಿ ಹೋಗತ್ತೆ, ಲಿಫ್ಟಲ್ಲೇ ಬರತ್ತೆ" ಎನ್ನುತ್ತಾರೆ.

ಮೈಸೂರಿನ ಅಹಲ್ಯಾಗೆ ಈಗ ನಲವತ್ತೊಂಬತ್ತು. ಇಂಜಿನಿಯರ್ ಪತಿ ಇಂದುಶೇಖರರ ಕೆಲಸದ ಬೆನ್ನು ಹಿಡಿದು ಮೊದಲು ಸ್ಪೇನಿನ ಸರಗೋಸಾ ಊರಿನಲ್ಲಿ ಆರು ವರ್ಷ ಇದ್ದರು. ಅಲ್ಲಿಗೆ ಹೋದ ಮೊದಲ ವಾರವೇ ಎದುರುಮನೆಯ ಪಿಲಾರ್ ಮೆಟ್ಟಿಲ ಮೇಲೆ ತಡೆದು "ಆಸ್ ಕೊಮಿದೊ?" ಎಂದರಂತೆ. ಊಟ ಆಯ್ತಾ ಎಂದರ್ಥ. "ನಮ್ಮ ಅಗ್ರಹಾರದಲ್ಲೇ ಇದೀನಿ ಅನ್ನಿಸಿಬಿಡ್ತು!" ಮೊಟ್ಟೆ ಮುಟ್ಟದ ಮನೆಯ ಸೊಸೆ ಪಿಲಾರಿಂದ ಆಲೂಗಡ್ಡೆ, ಮೊಟ್ಟೆಯ ದಪ್ಪನೆಯ ತೊರ್ತಿಯಾ ಕಲಿತರು, ಪಿಲಾರಿಗೆ ಚಿತ್ರಾನ್ನ ಕಲಿಸಿದರು. ಸಂಜೆಯಾದರೆ ಬೀದಿ ಬೆಂಚಿನ ಮೇಲೆ ಹೆಂಗಸರ ಹರಟೆ.

ಆಮೇಲೆ ಪತಿಗೆ ಸ್ಟಾಕ್‌ಪೋರ್ಟಿನ ಹತ್ತಿರದ ಮ್ಯಾಕಲ್ಸ್‌ಫೀಲ್ಡಿನಲ್ಲಿ ಕೆಲಸವಾಯಿತು. ಇಲ್ಲಿಗೆ ಬಂದ ಎರಡನೇ ವರ್ಷ, 2003ರಲ್ಲಿ, ಅವರ ಹೃದಯ ನಿಂತಿತು. ಮಗಳು ಸಂಯುಕ್ತಾಳ ಓದು ನಡುವಿನಲ್ಲಿತ್ತು. ಅಹಲ್ಯಾ ಊರಿಗೆ ಹೋಗದೆ ಸೌಟು ಹಿಡಿದರು. ಮಗಳು ಈಗ ದೂರದ ಲಫ್‌ಬರೋ ಊರಿನಲ್ಲಿದ್ದಾಳೆ. ಅಮ್ಮ ಫೋನಿನಲ್ಲಿ ಕನ್ನಡದಲ್ಲಿ ಕೇಳುತ್ತಾರೆ, ಅವಳು ಇಂಗ್ಲಿಷಿನಲ್ಲಿ ಉತ್ತರಿಸುತ್ತಾಳೆ. "ಕೆಲಸಕ್ಕೆ ಬರೋ ಬಸ್ಸಲ್ಲಿ ನಾಲ್ಕು ವರ್ಷದಿಂದ ಅವೇ ಮುಖ. ಚಳಿ ಅಂತಾರೆ, ನಾನೂ ಚಳಿ ಅಂತೀನಿ. ಅಲ್ಲಿಗೆ ಮುಗೀತು" ಎನ್ನುತ್ತಾರೆ ಅಹಲ್ಯಾ.

ಕಳೆದ ಫೆಬ್ರವರಿಯಲ್ಲಿ ಒಂದು ತಟ್ಟೆ ಐದು ದಿನ ಮುಟ್ಟದೆ ಕೆಳಗೆ ಬಂತು. ಅದು ಕೊಂಚಾ ಎಂಬ ಎಂಬತ್ತರ ಅಜ್ಜಿಯದು. 1937ರಲ್ಲಿ, ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, ಇಂಗ್ಲೆಂಡಿಗೆ ಹಡಗೇರಿ ಬಂದ ಮಗು, ಇಲ್ಲೇ ಮದುವೆಯಾಗಿ ಬಾಳಿದವರು. ಮರೆವಿನ ರೋಗ ಅವರ ಇಂಗ್ಲಿಷನ್ನು ಪೂರ್ತಿ ಅಳಿಸಿಹಾಕಿತ್ತು. ಅಜ್ಜಿ ಏನೇನೋ ಗೊಣಗುತ್ತಾರೆ, ನಾಳೆ ಆಸ್ಪತ್ರೆಗೆ ಕಳಿಸಿ ಮೂಗಿಗೆ ನಳಿಕೆ ಹಾಕಿಸುತ್ತೇವೆ ಎಂದರು ನರ್ಸ್.

ಅಡುಗೆಯವರು ಮಹಡಿ ಹತ್ತುವ ರೂಢಿಯಿಲ್ಲ. ಹೆಸರು ಸ್ಪೇನಿನದು, ಗೊಣಗುವುದೂ ಸ್ಪ್ಯಾನಿಷೇ ಇರಬೇಕೆಂದು ಹೊಳೆದು ಅಹಲ್ಯಾ ಏಪ್ರನ್ ಕಟ್ಟಿಕೊಂಡೇ ಹತ್ತಿದರು. ಗೋಡೆಗೆ ಮುಖಮಾಡಿ ಮಲಗಿದ್ದ ಅಜ್ಜಿಯ ಕಿವಿಯ ಬಳಿ "ಆಸ್ ಕೊಮಿದೊ?" ಎಂದರು. ಅಜ್ಜಿ ಮೆಲ್ಲಗೆ ಹೊರಳಿದರು. ಅಹಲ್ಯಾ ಕೆಳಗೋಡಿ ತೊರ್ತಿಯಾ ಮಾಡಿ ತಂದು, ಒಂದು ತುಂಡು ಬಾಯಿಗಿಟ್ಟರು.

"ಅಗಿದು ನುಂಗಿದ್ರು. ಆಮೇಲೆ ಬೈದ್ರು, 'ಈರುಳ್ಳಿ ಎಲ್ಲಿ? ಅಡುಗೆ ಬರಲ್ವಾ ನಿಂಗೆ?' ಅಂತ. ನಂಗೆ ಅಳು ಬಂತು. ಇಲ್ಲಿ ನನ್ನನ್ನ ಯಾರೂ ಬೈದೂ ಇರಲಿಲ್ಲ."

ಆಸ್ಪತ್ರೆಯ ಮಾತು ಅಲ್ಲಿಗೇ ನಿಂತಿತು. ಏಳು ತಿಂಗಳು, ಕೆಲಸ ಮುಗಿದ ಮೇಲೆ ಅಹಲ್ಯಾ ದಿನವೂ ಮಹಡಿ ಹತ್ತಿದರು. ಅಜ್ಜಿ ಅಮ್ಮನ ಮನೆಯ ಅಂಜೂರದ ಮರದ ಬಗ್ಗೆ, ಹಡಗಿನಲ್ಲಿ ಕೊಟ್ಟ ಬಿಳಿ ಬ್ರೆಡ್ಡಿನ ಬಗ್ಗೆ ಹೇಳುತ್ತಿದ್ದರು. ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಸ್ಪ್ಯಾನಿಷ್ ಬಾರದ ಮಗ ಪೀಟರ್ ಅಡುಗೆಮನೆಯ ಬಾಗಿಲಿಗೇ ಬಂದು, ಕೊನೆಗೆ ಅಮ್ಮ ಏನು ಹೇಳುತ್ತಿದ್ದರು ಎಂದು ಕೇಳಿದ. ಅಹಲ್ಯಾ ಒಂದು ಗಂಟೆ ನಿಂತೇ ಹೇಳಿದರು. ತನಗೆ ಗೊತ್ತಿಲ್ಲದ ತಾಯಿಯನ್ನು ಅವನು ಮೊದಲ ಸಲ ಕೇಳಿಸಿಕೊಂಡ.

ಈಗ ಮೂರು ಗಂಟೆಗೆ ಕೆಲಸ ಮುಗಿದರೆ ಅಹಲ್ಯಾ ಸೀದಾ ಮನೆಗೆ ಹೋಗುತ್ತಾರೆ. ಮೂರು ಭಾಷೆ ಬಲ್ಲವರು, ಮಾತಿಗೆ ಜನವಿಲ್ಲ. ನಿಮಗೇನು ಬೇಕು ಎಂದು ಕೇಳಿದರೆ, ಕೈ ಒರೆಸಿಕೊಳ್ಳುತ್ತ ಹೇಳುತ್ತಾರೆ.

"ಹೇಳದೆ ಕೇಳದೆ ಯಾರಾದ್ರೂ ಒಂದ್ಸಲ ಬಾಗಿಲು ತಟ್ಟಬೇಕು. ಮನೇಲಿ ಏನೂ ಮಾಡಿರದ ದಿನ ಬಂದ್ರೂ ಪರವಾಗಿಲ್ಲ. ಹತ್ತು ನಿಮಿಷ ಕೂತ್ಕೊಳ್ಳಿ, ಮಾಡ್ತೀನಿ."