ಕಾಕಾ ಏರಿಸಿದ ತೆರಿಗೆ

ಅವರ ಬಲಗೈ ತೋರುಬೆರಳಿನ ತುದಿ ಸುಣ್ಣಕ್ಕೆ ಬೆಂದು ಬೆಳ್ಳಗಾಗಿತ್ತು, ಹೆಬ್ಬೆರಳು ಕಾಚಿಗೆ ಕೆಂಪಾಗಿತ್ತು. ಅದೇ ಎರಡು ಬೆರಳಿನಿಂದ ಪ್ಯಾಕಿನೊಳಗಿನ ಸಿಗರೇಟು ಎಳೆದು ಕೊಟ್ಟರೂ ಬಿಳಿ ಕಾಗದಕ್ಕೆ ಒಂದು ಕಲೆ ಹತ್ತುತ್ತಿರಲಿಲ್ಲ. ಮಸ್ಕಿ ಬಸ್ ನಿಲ್ದಾಣದ ಎದುರು ಅವರದು ಎಲೆ ಅಡಿಕೆಯ ಡಬ್ಬಿ ಅಂಗಡಿ. ಎಲ್ಲರೂ ಕಾಕಾ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಹಣೆ ತುಂಬ ವಿಭೂತಿ ಹಚ್ಚುತ್ತಿದ್ದ ಆ ಮನುಷ್ಯ ಜೀವಮಾನದಲ್ಲಿ ಒಂದು ದಮ್ಮೂ ಎಳೆದವರಲ್ಲ.

ನನ್ನ ಮನೆ ಸಿಂಧನೂರು, ಕಚೇರಿ ಲಿಂಗಸುಗೂರು. ನಡುವೆ ಮಸ್ಕಿಯಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತಿತ್ತು. ಮನೆಯಲ್ಲಿ ಹೆಂಡತಿಯ ಹೆದರಿಕೆ, ಕಚೇರಿಯಲ್ಲಿ ಮಾವನವರ ಪರಿಚಯದ ಸಾಹೇಬರು. ಹೀಗಾಗಿ ದಿನದ ನಾಲ್ಕು ಸಿಗರೇಟನ್ನೂ ಕಾಕಾನ ಹತ್ತಿರವೇ ಕೊಳ್ಳುತ್ತಿದ್ದೆ. ಬೇರೆಲ್ಲೂ ಕೊಳ್ಳುವ ಧೈರ್ಯ ನನಗಿರಲಿಲ್ಲ.

ಬಜೆಟ್ಟಿನಲ್ಲಿ ಸಿಗರೇಟಿನ ತೆರಿಗೆ ಏರಿದ ಮರುದಿನ ಕಾಕಾ ಬಹಳ ಖುಷಿಯಾಗಿರುತ್ತಿದ್ದರು. ಗಿರಾಕಿಗಳ ಮುಖ ನೋಡುವುದೇ ಅವರಿಗೊಂದು ಚೈನಿ. "ಇವತ್ತ ಎಲ್ಲಾರೂ ಸನ್ಯಾಸಿ ಆಗ್ಯಾರ. ಎಂಟು ದಿನ ತಡೀರಿ" ಅನ್ನುತ್ತಿದ್ದರು. ಎಂಟು ದಿನದಲ್ಲಿ ಉದ್ದ ಸಿಗರೇಟಿನ ಮಾಸ್ತರರು ಗಿಡ್ಡ ಸಿಗರೇಟಿಗೆ ಇಳಿದಿರುತ್ತಿದ್ದರು, ಕಂಡಕ್ಟರ್ ಬೀಡಿಗೆ ಇಳಿದಿರುತ್ತಿದ್ದ. ವಳಕಮದಿನ್ನಿಯಿಂದ ಬರುತ್ತಿದ್ದ ಇಬ್ಬರು ಅಣ್ಣತಮ್ಮಂದಿರು ಒಂದನ್ನೇ ಹಂಚಿಕೊಂಡು ಸೇದುತ್ತ, ಕೊನೆಯ ದಮ್ಮು ಯಾರದೆಂದು ಜಗಳ ಆಡುತ್ತಿದ್ದರು. ಬಿಟ್ಟವರು ಮಾತ್ರ ಯಾರೂ ಇಲ್ಲ.

ಒಂದು ವರ್ಷ ನನಗೆ ಕಚೇರಿಯ ಮೆಟ್ಟಿಲು ಹತ್ತುವಾಗ ದಮ್ಮು ಹತ್ತಿ ಎರಡು ಕಡೆ ನಿಲ್ಲುವಂತಾಗಿತ್ತು. ಸಿಂಧನೂರಿನ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, "ಈಗ ಬಿಡದಿದ್ರ ಮುಂದ ನನ್ನ ಹತ್ರ ಬಂದು ಉಪಯೋಗ ಇಲ್ಲ" ಅಂದರು. ಆಗ ನನಗೆ ಮೂವತ್ತೆಂಟು. ಹೆದರಿಕೆಯಾಯಿತು. ಅಂಗಡಿ ಮುಂದೆ ನಾಲ್ಕು ಜನರೆದುರು, "ಈ ಸಲ ಟ್ಯಾಕ್ಸ್ ಏರಿದ್ರ ಬಿಟ್ಟಬಿಡ್ತೀನಿ ಕಾಕಾ" ಅಂದೆ.

ಟ್ಯಾಕ್ಸ್ ಏರಿತು. ಮರುದಿನ ನಾನು ಹೋಗಿ ನಿಂತು, ನಾಚಿಕೆಯಿಲ್ಲದೆ ಬೀಡಿ ಕಟ್ಟು ಕೇಳಿದೆ.

"ನಿಮಗ ಬೀಡಿ ಕೊಡಂಗಿಲ್ರಿ" ಅಂದರು ಕಾಕಾ. "ಸಿಗರೇಟೇ ತಗೋರಿ. ಹಳೇ ರೇಟಿಗೇ ಕೊಡ್ತೀನಿ, ಆದ್ರ ಏರಿದಷ್ಟು ಕತ್ತರಸ್ತೀನಿ."

ಎಲೆಯ ತೊಟ್ಟು ತೆಗೆಯುವ ಕತ್ತರಿಯಿಂದ ನಾಲ್ಕು ಸಿಗರೇಟಿನ ತಂಬಾಕಿನ ತುದಿಯನ್ನೂ ಚಕ್ ಎಂದು ಕತ್ತರಿಸಿ, ಜೊತೆಗೆ ಬಾಯಾಡಿಸಲು ಬಡೇಸೋಪಿನ, ಅಂದರೆ ಸೋಂಪುಕಾಳಿನ, ಪುಡಿಕೆ ಕಟ್ಟಿಕೊಟ್ಟರು. ನನಗೆ ಇದು ಬಹಳ ನ್ಯಾಯದ ವ್ಯವಹಾರ ಅನಿಸಿತು. ಹದಿನೈದು ದಿನ ಕಳೆದ ಮೇಲೆ ಕತ್ತರಿ ಇನ್ನಷ್ಟು ಒಳಗೆ ಬಂತು. ಕೇಳಿದರೆ, "ಮತ್ತ ಏರೇತ್ರೀ" ಅಂದರು. ಮುಂದಿನ ತಿಂಗಳು ಮತ್ತೆ ಏರಿತು. ಪೇಪರು ಓದುವ ಚಟವಿಲ್ಲದ ನಾನು ಕಚೇರಿಯಲ್ಲಿ ಕೂತು ಸರಕಾರಕ್ಕೆ ವಾಚಾಮಗೋಚರ ಬೈದೆ. ಮಳೆಗಾಲ ಮುಗಿಯುವಷ್ಟರಲ್ಲಿ ನನ್ನ ಸಿಗರೇಟು ಕಿರುಬೆರಳಿನ ಎರಡು ಗೆಣ್ಣಿನಷ್ಟಾಗಿತ್ತು.

ಒಂದು ದಿನ ಕಾಕಾ ಮೊಮ್ಮಗಳ ಮದುವೆಗೆಂದು ಮುದಗಲ್ಲಿಗೆ ಹೋಗಿದ್ದರು, ಅಂಗಡಿಗೆ ಬೀಗ. ತಡೆಯಲಾಗದೆ ಲಿಂಗಸುಗೂರಿನಲ್ಲಿ ಧೈರ್ಯ ಮಾಡಿ ಕೊಂಡೆ. ಅಲ್ಲಿಯವನು ಪೂರ್ತಿ ಸಿಗರೇಟು ಕೊಟ್ಟು, "ಬಜೆಟ್ಟಿನಾಗ ಏರಿದ್ದಷ್ಟೇ ನೋಡ್ರಿ, ಆಮ್ಯಾಲ ಏನೂ ಏರಿಲ್ಲ" ಅಂದ. ನನ್ನ ಪಿತ್ತ ನೆತ್ತಿಗೇರಿತು. ಹಚ್ಚಿದೆ. ಅರ್ಧಕ್ಕೆ ಬರುವಷ್ಟರಲ್ಲಿ ತಲೆ ತಿರುಗಿ, ಎಸೆದು ನೀರು ಕುಡಿದೆ.

ಮರುದಿನ ಬಸ್ಸು ನಿಲ್ಲುವ ಮುಂಚೆಯೇ ಇಳಿದು ಹೋಗಿ ಜಗಳ ತೆಗೆದೆ. "ಏನ್ ಕಾಕಾ, ನನಗ ಮೋಸ ಮಾಡಾಕತ್ತೀರೇನು? ನಿನ್ನಿ ಲಿಂಗಸುಗೂರಾಗ ಪೂರಾ ಸಿಗರೇಟು ತಗೊಂಡೆ, ಬಜೆಟ್ ಆದಮ್ಯಾಲ ಏನೂ ಏರಿಲ್ಲಂತ."

ಕಾಕಾ ಎಲೆ ಒರೆಸುತ್ತಲೇ ಇದ್ದರು. "ಸರಕಾರ ಏರಿಸಿದ್ದು ಒಂದ್ಸಲರಿ. ಉಳಿದದ್ದೆಲ್ಲ ನಾ ಏರಿಸೀನಿ."

"ನನ್ನ ರೊಕ್ಕ?"

"ದಿನಾ ಬಡೇಸೋಪು ಒಯ್ಯಾಕತ್ತೀರಲ್ಲ, ಅದೇನ್ ಫುಕಟ ಅಂತ ತಿಳಿದಿದ್ರೇನು?" ಆಮೇಲೆ ಒಂದು ಪೂರ್ತಿ ಸಿಗರೇಟು ತೆಗೆದು ನನ್ನ ಮುಂದಿಟ್ಟರು. "ಪೂರಾ ಬೇಕಂದ್ರ ತಗೋರಿ. ನಿನ್ನಿ ಒಂದು ಸೇದೀರಿ ಅಲ್ಲ, ಮುಗಿಸಾಕ ಆತೇನು?"

ನಾನು ಆ ಸಿಗರೇಟನ್ನು ಅವರ ಕಡೆಗೇ ಸರಿಸಿದೆ. ನಗು ಬಂತು, ನಾನು ನಕ್ಕಿದ್ದಕ್ಕೆ ಅವರೂ ನಕ್ಕರು. ದೀಪಾವಳಿ ಬರುವಷ್ಟರಲ್ಲಿ ಪೂರ್ತಿ ಬಿಟ್ಟೆ. ಅವರ ಅಂಗಡಿಗೆ ಒಬ್ಬ ಖಾಯಂ ಗಿರಾಕಿ ಕಡಿಮೆಯಾದ. ಉಳಿದವರಿಗೂ ಹೀಗೇ ಮಾಡಬಾರದೇ ಎಂದು ಒಮ್ಮೆ ಕೇಳಿದ್ದೆ. "ನಾಲ್ಕ ಮಂದಿ ಮುಂದ ಬಿಡ್ತೀನಿ ಅಂದಾವ್ರು ನೀವೊಬ್ರೇರಿ. ನಿಮ್ಮ ಮಾತು ಉಳೀಬೇಕಲ್ಲ" ಅಂದರು.

ಹೋದ ವರ್ಷ ಒಂದು ಮಧ್ಯಾಹ್ನ, ಊಟ ಮಾಡಿ ಗೋಡೆಗೆ ಒರಗಿ ಕೂತವರು ಹಾಗೇ ಹೋದರು. ಸುದ್ದಿ ತಿಳಿದು ರಜೆ ಹಾಕಿ ಓಡಿದೆ. ಅವರ ಪದ್ಧತಿಯಂತೆ ಕಾಕಾನನ್ನು ಹೆಗಲ ಮೇಲೆ ಹೊರುವ ಬಿದಿರಿನ ವಿಮಾನದಲ್ಲಿ ಕೂರಿಸಿದ್ದರು, ಮುಂದೆ ಭಜನೆಯವರು. ರುದ್ರಭೂಮಿ ಊರಾಚೆ, ದಾರಿ ಏರು, ಬಿಸಿಲು ಬೇರೆ. ನಾನು ಮುಂದಿನ ಬಲಗಡೆ ಹೆಗಲು ಕೊಟ್ಟೆ. ನಡುದಾರಿಯಲ್ಲಿ ಅವರ ಮಗ ಪಕ್ಕಕ್ಕೆ ಬಂದು, "ದಣಿದಿದ್ರ ಕೊಡ್ರಿ ಸರ್, ನಾ ಹಿಡೀತೀನಿ" ಅಂದ.

"ಬ್ಯಾಡಪ್ಪ, ದಮ್ಮೈತಿ" ಅಂದೆ. ಕೊನೆಯವರೆಗೂ ಹೆಗಲು ಬದಲಿಸಲಿಲ್ಲ.